ಮೂತಿ ಎತ್ತಿದ ಟ್ರೇಲರ್

ಶನಿವಾರ ಬೆಳಿಗ್ಗೆ ಆರೂಕಾಲಕ್ಕೆ, ಸಾನಪಾಡಾದ ಹೌಸಿಂಗ್ ಸೊಸೈಟಿಯೊಂದರ ಕಾಂಪೌಂಡಿನಲ್ಲಿ ನಿಂತಿದ್ದ ಟ್ರೇಲರ್ ಮೂತಿ ಮೇಲೆತ್ತಿತು. ಆಗ ಒಳಗೆ ರತ್ನಾಬಾಯಿ ಇದ್ದಳು.

ಮೂರನೇ ಮಹಡಿಯಲ್ಲಿ ಬೆಲ್ ಒಂದೇ ಸಮನೆ ಬಡಿದುಕೊಂಡಿತು. ಐದನೇ ಕ್ಲಾಸಿನ ಸ್ನೇಹಲ್ ಕಣ್ಣುಜ್ಜುತ್ತ ಬಾಗಿಲು ತೆರೆದಳು. ಎದುರಿಗೆ ವಾಚ್‌ಮನ್ ಹುಲಗಪ್ಪ ಏದುಸಿರು ಬಿಡುತ್ತ ನಿಂತಿದ್ದ.

“ಬೇಬಿ, ನಿಮ್ಮ ಗಾಡಿ ಎದ್ದು ನಿಂತೈತಿ!”

“ಎದ್ದು ನಿಂತದ? ಅಂದ್ರ?”

“ಅಂದ್ರ ಏನ್ ಹೇಳ್ಲಿ? ನಾಯಿ ಕುಂತಂಗ ಕುಂತೈತಿ. ಮುಂದಿಂದು ಮ್ಯಾಲ, ಹಿಂದಿಂದು ಕೆಳಗ. ನಿಮ್ಮ ಆಯಿ ಒಳಗದಾರ. ಕೂಗಾಕತ್ತಾರ.”

“ಅಯ್ಯೋ! ಹೆದರ್ಯಾಳೇನು?”

“ಇಲ್ಲ ಬಿಡು. ‘ಪೈಪ್ ಬಂದ್ ಮಾಡ್ರಿ, ನೀರು ಹಾಳಾಗಾಕತ್ತದ’ ಅಂತ ಕೂಗಾಕತ್ತಾರ.”

ಆಯಿ ಅಂದರೆ ಸ್ನೇಹಲ್‌ಳ ಅಜ್ಜಿ, ಪಪ್ಪನ ತಾಯಿ ರತ್ನಾಬಾಯಿ. ಸ್ನೇಹಲ್ ಚಪ್ಪಲಿ ಹಾಕಿಕೊಳ್ಳದೆ ಮೆಟ್ಟಿಲು ಇಳಿದಳು. ಹಿಂದೆ ಪಪ್ಪ, ಅವನ ಹಿಂದೆ ಮಮ್ಮಿ.

ಟ್ರೇಲರ್ ಅವರ ಮನೆಗೆ ಬಂದದ್ದು ಬುಧವಾರ. ಪಪ್ಪ ರವಿಕಿರಣ್‌ದು ವಾಶಿ ಮಾರ್ಕೆಟ್‌ನಲ್ಲಿ ಉಳ್ಳಾಗಡ್ಡಿ ವ್ಯಾಪಾರ. ಖಾರಘರದಲ್ಲಿರುವ ಅವನ ಗೆಳೆಯ ಲೋಕನಾಥ ಅಂಕಲ್ ತಮ್ಮ ಹಳೆಯ ಟ್ರೇಲರನ್ನು ಅವನಿಗೆ ಕೊಟ್ಟಿದ್ದರು. ಅದೊಂದು ಎರಡು ಚಕ್ರದ ಬಿಳಿ ಮನೆ. ಎಂಜಿನ್ ಇಲ್ಲ, ಜೀಪಿನ ಹಿಂದೆ ಕಟ್ಟಿ ಎಳೆದುಕೊಂಡು ಹೋಗಬೇಕು. ಒಳಗೆ ಹಾಸಿಗೆ, ಒಲೆ, ಸಿಂಕ್, ಫ್ಯಾನ್ ಇದ್ದವು. ಕಪಾಟಿನಷ್ಟು ಸಣ್ಣ ಸಂಡಾಸವೂ ಇತ್ತು. ಭಾನುವಾರ ಎಲ್ಲರೂ ಅದರೊಂದಿಗೆ ಅಲಿಬಾಗ್ ಕಡೆಯ ಸಮುದ್ರಕ್ಕೆ ಹೋಗುವುದೆಂದು ನಿಶ್ಚಯವಾಗಿತ್ತು.

ಆದರೆ ಅದಕ್ಕೂ ಮೊದಲು ಒಂದು ಪರೀಕ್ಷೆ ಇತ್ತು. ಸೊಸೈಟಿಯ ಸೆಕ್ರೆಟರಿ ದಯಾನಂದ ಅಂಕಲ್ ಮಂಗಳೂರಿನ ಕಡೆಯವರು. ಎತ್ತರದ ಆಳು, ಹೊಟ್ಟೆಯೂ ಎತ್ತರ. ಟ್ರೇಲರನ್ನು ಮೂರು ಸುತ್ತು ಸುತ್ತಿ ಅವರು ಹೇಳಿದ್ದರು: “ಶನಿವಾರ ಹತ್ತು ಗಂಟೆಗೆ ಬಂದು ನೋಡ್ತೇನೆ. ಸೇಫ್ ಉಂಟಾ, ಕಾಂಪೌಂಡಲ್ಲಿ ಇರಲಿ. ಇಲ್ವಾ, ಅವತ್ತೇ ಖಾರಘರಕ್ಕೆ ವಾಪಸ್.”

ಲೋಕನಾಥ ಅಂಕಲ್ ಟ್ರೇಲರಿನ ಒಂದೊಂದೇ ಭಾಗ ತೋರಿಸುವಾಗ ಪಪ್ಪ ಫೋನಿನಲ್ಲಿ ಉಳ್ಳಾಗಡ್ಡಿ ಮಾರುತ್ತಿದ್ದ. ಗಮನವಿಟ್ಟು ಕೇಳಿಸಿಕೊಂಡವಳು ಸ್ನೇಹಲ್ ಒಬ್ಬಳೇ. ಆದ್ದರಿಂದ ಅವಳು ತನ್ನನ್ನು ತಾನೇ ಇನ್‌ಚಾರ್ಜ್ ಮಾಡಿಕೊಂಡಳು. ಶುಕ್ರವಾರ ಸಂಜೆ ಪಪ್ಪನನ್ನೂ ಮಮ್ಮಿಯನ್ನೂ ಟ್ರೇಲರಿನ ಮುಂದೆ ನಿಲ್ಲಿಸಿ ಕ್ಲಾಸ್ ತೆಗೆದುಕೊಂಡಳು.

“ಇದು ಒಳ್ಳೆ ನೀರಿನ ಟ್ಯಾಂಕ್. ಹಿಂದಿನ ಹಾಸಿಗಿ ಕೆಳಗ ಅದ. ಇದು ಹೊಲಸು ನೀರಿನ ಟ್ಯಾಂಕ್, ಸಿಂಕಿನ ನೀರು ಇದರಾಗ ಬೀಳ್ತದ. ಸಂಡಾಸದ ಡಬ್ಬಿ ಬ್ಯಾರೆ. ಪಪ್ಪಾ, ರಿಪೀಟ್!”

“ಒಳ್ಳೆ ನೀರು, ಹೊಲಸು ನೀರು, ಡಬ್ಬಿ,” ಎಂದ ಪಪ್ಪ. “ಡಬ್ಬಿ ಯಾರು ಖಾಲಿ ಮಾಡೂದು?”

“ಅದು ಸಿಲಬಸ್‌ನಾಗ ಇಲ್ಲ. ನೆಕ್ಸ್ಟ್. ಫ್ಯಾನ್, ಲೈಟ್, ನೀರಿನ ಪಂಪ್ ಎಲ್ಲಾ ಬ್ಯಾಟರಿ ಮ್ಯಾಲ ನಡೀತಾವ. ಮಿಕ್ಸರ್ ನಡೆಯೂದಿಲ್ಲ.”

“ಹಂಗಾರ ಚಟ್ನಿ?” ಮಮ್ಮಿ ಮಾಲಾ ಕೇಳಿದಳು.

“ಮನ್ಯಾಗ ಮಾಡಿ ಡಬ್ಬಿಯಾಗ ಒಯ್ಯೂದು.”

“ಯಾವ ಡಬ್ಬಿಯಾಗ?” ಪಪ್ಪ ಗಾಬರಿಯಾದ.

ಸ್ನೇಹಲ್ ಕೈಯಲ್ಲಿ ಮೊಳದುದ್ದದ ಕಬ್ಬಿಣದ ಹ್ಯಾಂಡಲ್ ಇತ್ತು. ಅದನ್ನು ಟೀಚರ್ ಕೋಲಿನಂತೆ ಹಿಡಿದು ಅವಳು ಟ್ರೇಲರಿನ ಹಿಂಭಾಗ ತೋರಿಸಿದಳು. ಅಲ್ಲಿ ಎರಡು ಮೂಲೆಯಲ್ಲಿ ಎರಡು ಜಾಕ್, ಅಂದರೆ ಗಾಡಿಗೆ ಆಸರೆ ಕೊಡುವ ಕಬ್ಬಿಣದ ಕಾಲುಗಳು, ಮಡಚಿಕೊಂಡಿದ್ದವು.

“ಇದು ಮೇನ್ ಪಾಯಿಂಟ್. ಗಾಡಿಗೆ ಚಕ್ರ ಎರಡ ಅದಾವ. ಹಿಂದ ಭಾರ ಬಿತ್ತಂದ್ರ ಮುಂದಿಂದು ಏಳ್ತದ. ಅದಕ್ಕ ಮೊದಲು ಈ ಹ್ಯಾಂಡಲ್ ತಿರುಗಿಸಿ ಜಾಕ್ ನೆಲಕ್ಕ ಹಚ್ಚಬೇಕು. ಮೊದಲು ಜಾಕ್, ಆಮ್ಯಾಲ ಮಂದಿ!”

ಅವಳು ಜಾಕ್ ಇಳಿಸಿ ತೋರಿಸಿದಳು. ಎಲ್ಲರೂ ಒಳಗೆ ಹೋಗಿ ನೋಡಿದರು. ಅಷ್ಟರಲ್ಲಿ ಮನೆಯಿಂದ ಇಳಿದು ಬಂದ ಆಯಿಯೂ ಹೋದಳು. ನಲ್ಲಿ ತಿರುಗಿಸಿದಳು. ಕಪಾಟಿನೊಳಗಿಂದ ಗುರ್ರ್ ಎಂದು ಸದ್ದು ಬಂತು.

“ಏ ಸ್ನೇಹಲ್, ಇದರಾಗ ಬೆಕ್ಕು ಅದಲ್ಲ!”

“ಪಂಪ್ ಅದು, ಆಯಿ!” ಸ್ನೇಹಲ್ ಬಿದ್ದು ಬಿದ್ದು ನಕ್ಕಳು.

“ಪಂಪ್ ಗುರ್ ಅಂತದೇನು? ಮತ್ತ ಈ ಕಬ್ಬಿಣದ ಕೋಲು ಎದಕ್ಕ?”

“ಆಯಿ, ಪ್ಲೀಸ್. ನೀ ಹೊರಗ ಸುಮ್ನ ಕೂಡು. ಇದೆಲ್ಲಾ ಟೆಕ್ನಿಕಲ್ ಅದ, ನಿನಗ ತಿಳಿಯೂದಿಲ್ಲ.”

ಆಯಿ ಇಳಿದು ಹೋಗಿ ಬಿಲ್ಡಿಂಗಿನ ಮೆಟ್ಟಿಲ ಮೇಲೆ ಕುಳಿತಳು.

ಕ್ಲಾಸ್ ಮುಗಿದ ಮೇಲೆ ಸ್ನೇಹಲ್ ಜಾಕ್ ಎರಡನ್ನೂ ಮತ್ತೆ ಮೇಲೆತ್ತಿದಳು. ಮರುದಿನ ದಯಾನಂದ ಅಂಕಲ್ ಎದುರಿಗೆ ಮೊದಲಿನಿಂದ ಇಳಿಸಿ ತೋರಿಸಿದರೆ ಸ್ಟೈಲ್ ಇರುತ್ತದೆ ಎಂದು ಅವಳ ಲೆಕ್ಕ. ಹ್ಯಾಂಡಲ್ ಬೇರೆಯವರ ಕೈಗೆ ಸಿಗಬಾರದೆಂದು ತನ್ನ ದಿಂಬಿನ ಕೆಳಗೆ ಇಟ್ಟುಕೊಂಡು ಮಲಗಿದಳು.

ಈ ಸೊಸೈಟಿಯಲ್ಲಿ ನೀರು ಬರುವುದು ಬೆಳಿಗ್ಗೆ ಒಂದು ತಾಸು ಮಾತ್ರ. ಆ ತಾಸಿನಲ್ಲಿ ಆಯಿಯ ಕಣ್ಣಿಗೆ ಬಿದ್ದ ಯಾವ ಪಾತ್ರೆಯೂ ಖಾಲಿ ಉಳಿಯುತ್ತಿರಲಿಲ್ಲ. ಹಂಡೆ, ಕೊಡ, ಬಕೆಟ್, ಕುಕ್ಕರ್ ಎಲ್ಲ ತುಂಬುತ್ತಿದ್ದವು. ಒಮ್ಮೆ ಪಪ್ಪನ ಹೆಲ್ಮೆಟ್ಟೂ ತುಂಬಿತ್ತು. ಹೀಗಿರುವಾಗ ಒಂದು ಇಡೀ ಮನೆಯೇ ಭಾನುವಾರ ಸಮುದ್ರಕ್ಕೆ ಹೊರಟಿದೆ, ಅದರಲ್ಲಿ ನೀರಿಲ್ಲ ಎಂದರೆ ಆಯಿಗೆ ನಿದ್ದೆ ಹತ್ತೀತೇ? ಶನಿವಾರ ಬೆಳಿಗ್ಗೆ ನೀರು ಬಂದ ಕೂಡಲೇ ಅವಳು ಕಾಂಪೌಂಡಿನ ಪೈಪ್ ಹಚ್ಚಿ ಟ್ಯಾಂಕನ್ನು ಬಾಯಿ ಮಟ್ಟ ತುಂಬಿದಳು. ಸಾಲದೆಂದು ಮನೆಯ ಕೊಡ, ಬಕೆಟ್‌ಗಳನ್ನು ತಂದು, ತುಂಬಿಸಿ, ಹಿಂದಿನ ಹಾಸಿಗೆಯ ಸುತ್ತ ಜೋಡಿಸಿದಳು. ಕೊನೆಯ ಕೊಡ ಹಿಡಿದುಕೊಂಡು ಒಳಗೆ ಹೋದಾಗ ಟ್ರೇಲರ್ ಮೂತಿ ಎತ್ತಿತು.

ಈಗ ಆ ಮೂತಿ, ಅಂದರೆ ಜೀಪಿಗೆ ಕಟ್ಟುವ ಮುಂದಿನ ಕಬ್ಬಿಣದ ತೋಳು, ಪಪ್ಪನ ಎದೆಯ ಎತ್ತರಕ್ಕಿತ್ತು. ಹಿಂಭಾಗ ನೆಲಕ್ಕೆ ಒರಗಿತ್ತು. ಜಾರಿ ಬಂದ ಕೊಡ, ಬಕೆಟ್‌ಗಳ ನಡುವೆ ಸಿಕ್ಕಿಕೊಂಡ ಆಯಿಯ ಮುಖ ಹಿಂದಿನ ಕಿಟಕಿಯಲ್ಲಿ ಕಾಣಿಸಿತು.

“ಅವ್ವಾ, ಪೆಟ್ಟಾತೇನು?” ಪಪ್ಪ ಕೂಗಿದ.

“ನನಗೇನಾಗಿಲ್ಲ. ಒಂದು ಬಕೆಟ್ ಚೆಲ್ಲಿತು. ಬೆಕ್ಕಿಗಿ ಇಟ್ಟ ಜ್ವಾಳದ ಭಕ್ರಿ ತೊಯ್ದದ.”

“ಯಾವ ಬೆಕ್ಕು?”

“ಕಪಾಟಿನ್ಯಾಗಿಂದು.”

ಪಪ್ಪ ಮೂತಿಯನ್ನು ಹಿಡಿದು ಜಗ್ಗಿದ. ಅದು ಜಗ್ಗಲಿಲ್ಲ. ಹಾರಿ ಅದರ ಮೇಲೆ ಹೊಟ್ಟೆ ಊರಿದ. ಪಪ್ಪ ತೆಳ್ಳಗಿನ ಮನುಷ್ಯ. ಒಣಹಾಕಿದ ಟವೆಲ್ಲಿನಂತೆ ನೇತಾಡಿದ, ಅಷ್ಟೇ.

ಅಷ್ಟರಲ್ಲಿ ದಯಾನಂದ ಅಂಕಲ್ ಲುಂಗಿ ಎತ್ತಿ ಕಟ್ಟುತ್ತ ಬಂದರು. ಬಾಯಲ್ಲಿ ಬ್ರಷ್ ಇತ್ತು.

“ಎಂಥ ಮಾರಾಯ್ರೆ ಇದು! ಸರಿಯಿರಿ, ನಾನು ನೋಡ್ತೇನೆ.”

ಅವರು ಮೂತಿಯನ್ನು ಎರಡೂ ಕೈಯಿಂದ ಒತ್ತಿದರು. ಅದು ಮೆಲ್ಲಗೆ ಇಳಿಯಿತು. ಪೂರಾ ಇಳಿದ ಮೇಲೆ ಅದರ ಮೇಲೆ ಕುಳಿತು, “ಆಯ್ತಲ್ಲ, ಇಷ್ಟೇ,” ಎಂದರು. ಏಳಲು ಹೋದರು. ಅವರ ಜೊತೆಗೆ ಮೂತಿಯೂ ಎದ್ದಿತು. ಕುಳಿತರು. ಅದೂ ಕುಳಿತಿತು.

“ನಾನು ಎದ್ರೆ ಇದು ಏಳ್ತದಾ?”

“ಹೌದು ಅಂಕಲ್,” ಎಂದಳು ಸ್ನೇಹಲ್.

“ಹಾಗಾದ್ರೆ ನಾನು ಯಾವಾಗ ಏಳುವುದು?”

ಕೆಲಸ ಸುಲಭವಿತ್ತು. ಟ್ರೇಲರ್ ಈಗ ಮಟ್ಟವಾಗಿ ನಿಂತಿತ್ತು. ಹ್ಯಾಂಡಲ್ ಹಾಕಿ ಹಿಂದಿನ ಜಾಕ್ ಎರಡನ್ನೂ ಇಳಿಸಿದರೆ ಮುಗಿಯಿತು. ಅದು ಪಪ್ಪನಿಗೂ ನೆನಪಾಯಿತು.

“ಹ್ಯಾಂಡಲ್ ಎಲ್ಲಿ? ಅವ್ವಾ, ಕಬ್ಬಿಣದ ಕೋಲು ಎಲ್ಲಿಟ್ಟಿ?”

“ನಾ ಮುಟ್ಟೇ ಇಲ್ಲಪಾ.”

“ಮತ್ತ ಒಳಗ ನೀ ಒಬ್ಬಾಕಿನ ಅಡ್ಡಾಡಿದ್ದು. ನೆನಪು ಮಾಡ್ಕೋ.”

ಸ್ನೇಹಲ್ ಹುಲಗಪ್ಪನ ಬೆನ್ನ ಹಿಂದೆ ಸರಿದಳು. ಹ್ಯಾಂಡಲ್ ದಿಂಬಿನ ಕೆಳಗಿದೆ ಎಂದರೆ, ಜಾಕ್ ಎತ್ತಿದ್ದು ಯಾರೆಂದು ಕೇಳುತ್ತಾರೆ. ಆಮೇಲೆ ಇನ್‌ಚಾರ್ಜ್ ಎಲ್ಲಿ ಉಳಿದೀತು? ಅವಳು ಗಡಬಡಿಸಿ, “ಹ್ಯಾಂಡಲ್ ಬ್ಯಾಡ! ಟ್ಯಾಂಕಿನ ಕೆಳಗ ನಲ್ಲಿ ಅದ. ನೀರು ಬಿಟ್ರ ಹಗುರಾಗ್ತದ,” ಎಂದಳು. ಬಗ್ಗಿ ನಲ್ಲಿ ತಿರುಗಿಸಿಯೇಬಿಟ್ಟಳು.

“ಏ! ನೀರು ಚೆಲ್ಲಬ್ಯಾಡ್ರೋ!” ಒಳಗಿನಿಂದ ಆಯಿ ಚೀರಿದಳು. “ಬಕೆಟ್ ಹಿಡೀರಿ!”

ಹೇಗಿದ್ದರೂ ಅದು ನೀರಿನ ತಾಸು. ಕೆಳಗಿನ ಮನೆಗಳವರೆಲ್ಲ ಬಕೆಟ್ ಹಿಡಿದೇ ನಿಂತಿದ್ದರು. ಟ್ರೇಲರಿನ ಹಿಂದೆ ಸಾಲು ಬೆಳೆಯಿತು. ನಲ್ಲಿಯಿಂದ ಬೀಳುತ್ತಿದ್ದ ನೀರು ಹೆಬ್ಬೆರಳಿಗಿಂತ ದಪ್ಪವಿರಲಿಲ್ಲ. ಒಬ್ಬಾಕೆ ಕುಕ್ಕರ್ ತಂದಳು. ಹುಲಗಪ್ಪ ತನ್ನ ಟಿಫಿನ್ ಡಬ್ಬಿ ಹಿಡಿದು ನಿಂತ.

“ನನ್ನ ಬಾಯಿಯಲ್ಲಿ ಪೇಸ್ಟ್ ಉಂಟು ಮಾರಾಯ್ರೆ,” ದಯಾನಂದ ಅಂಕಲ್ ಗೊಣಗಿದರು. “ಒಂದು ಚೊಂಬು ನೀರು ಈಚೆ ಕೊಡಿ.”

ಸಾಲಿನಿಂದ ಒಂದು ಚೊಂಬು ಮುಂದಕ್ಕೆ ಹೋಯಿತು. ಅವರು ಕುಳಿತಲ್ಲೇ ಬಾಯಿ ಮುಕ್ಕಳಿಸಿದರು. ಬಾಯಿ ಖಾಲಿಯಾದ ಮೇಲೆ ಸಿಟ್ಟಿಗೆ ಜಾಗವಾಯಿತು.

“ರವಿಕಿರಣ್, ಹತ್ತು ಗಂಟೆಗೆ ನೋಡುವುದು ಎಂಥ ಇನ್ನು? ನೋಡಿ ಆಯ್ತು. ಮೇಲೆ ಕೂತೂ ಆಯ್ತು. ಇದನ್ನು ಇವತ್ತೇ ಖಾರಘರಕ್ಕೆ ಕಳಿಸಿ.”

ಮಮ್ಮಿ ತಲೆ ತಗ್ಗಿಸಿದಳು. ಕಿಟಕಿಯಲ್ಲಿ ಆಯಿಯ ಮುಖ ಸಣ್ಣದಾಯಿತು.

“ಗಾಡಿ ಕಳಿಸಬ್ಯಾಡ್ರಿ,” ಎಂದಳು ಆಯಿ. “ತಪ್ಪು ನನ್ನದು. ನನಗ ಇದೆಲ್ಲಾ ತಿಳಿಯೂದಿಲ್ಲ ಅಂತ ಸ್ನೇಹಲ್ ಹೇಳಿದ್ಲು. ನೀವು ನೀವ ಸಮುದ್ರಕ್ಕ ಹೋಗಿ ಬರ್ರಿ. ನಾ ಮನ್ಯಾಗ ಇರ್ತೀನಿ.”

ಸ್ನೇಹಲ್ ನಲ್ಲಿಯ ಪಕ್ಕ ಕುಕ್ಕರಗಾಲಲ್ಲಿ ಕುಳಿತಿದ್ದಳು. ಮೊದಲು ಜಾಕ್, ಆಮೇಲೆ ಮಂದಿ. ಈ ಮಾತನ್ನು ಪಪ್ಪನಿಂದ ಎರಡು ಸಲ ಹೇಳಿಸಿದ್ದಳು, ಮಮ್ಮಿಯಿಂದ ಮೂರು ಸಲ. ಮೆಟ್ಟಿಲ ಮೇಲೆ ಕುಳಿತಿದ್ದ ಆಯಿಯಿಂದ ಒಂದು ಸಲವೂ ಹೇಳಿಸಿರಲಿಲ್ಲ.

ಅವಳು ಎದ್ದು ಓಡಿದಳು. ಮೂರು ಮಹಡಿ ಹತ್ತಿದಳು, ಇಳಿದಳು. ಬಂದಾಗ ಕೈಯಲ್ಲಿ ಹ್ಯಾಂಡಲ್ ಇತ್ತು.

“ಇದು ನನ್ನ ದಿಂಬಿನ ಕೆಳಗ ಇತ್ತು. ಜಾಕ್ ಎತ್ತಿದ್ದೂ ನಾನ. ಆಯಿಗಿ ನಾ ಹೇಳೇ ಇರಲಿಲ್ಲ.”

ಅವಳು ಬಗ್ಗಿ ಟ್ಯಾಂಕಿನ ನಲ್ಲಿ ಬಂದ್ ಮಾಡಿದಳು.

“ದಿಂಬಿನ ಕೆಳಗ?” ಪಪ್ಪ ಕೇಳಿದ. “ಕುತ್ತಿಗಿ ನೋಯಲಿಲ್ಲೇನು?”

“ಭಾಳ ನೋಯ್ತು.”

ಸ್ನೇಹಲ್ ಹ್ಯಾಂಡಲ್ ತಿರುಗಿಸಿದಳು. ಒಂದು ಜಾಕ್ ನೆಲ ಮುಟ್ಟಿತು, ಇನ್ನೊಂದೂ ಮುಟ್ಟಿತು. ದಯಾನಂದ ಅಂಕಲ್ ಕಣ್ಣು ಮುಚ್ಚಿಕೊಂಡು ಮೆಲ್ಲಗೆ ಎದ್ದರು. ಮೂತಿ ಅಲ್ಲಾಡಲಿಲ್ಲ. ಬಕೆಟ್ ಸಾಲಿನಲ್ಲಿದ್ದವರು ಚಪ್ಪಾಳೆ ತಟ್ಟಿದರು. ಆಯಿ ಕೈಯಲ್ಲಿ ಕೊಡ ಹಿಡಿದುಕೊಂಡೇ ಇಳಿದು ಬಂದಳು.

ಅಂಕಲ್ ಲುಂಗಿ ಕೊಡವಿಕೊಂಡು ಜಾಕ್ ನೋಡಿದರು, ಸ್ನೇಹಲ್‌ಳನ್ನು ನೋಡಿದರು, ಆಯಿಯನ್ನು ನೋಡಿದರು.

“ಹತ್ತು ಗಂಟೆಗೆ ಇನ್ನೊಮ್ಮೆ ಬರ್ತೇನೆ. ಆದ್ರೆ ತೋರಿಸುವುದು ನೀನಲ್ಲ ಹುಡುಗಿ. ನಿನ್ನ ಅಜ್ಜಿ ತೋರಿಸ್ಬೇಕು. ಅವರಿಗೆ ಗೊತ್ತುಂಟು ಅಂತಾದ್ರೆ ಎಲ್ಲರಿಗೂ ಗೊತ್ತುಂಟು ಅಂತ ಲೆಕ್ಕ.”

ಅಂಕಲ್ ಹೋದ ಮೇಲೆ ಸ್ನೇಹಲ್ ಆಯಿಯ ಕೈ ಹಿಡಿದುಕೊಂಡು ಟ್ರೇಲರಿನ ಹಿಂದೆ ನಿಂತಳು. “ಆಯಿ, ಇದಕ್ಕ ಎರಡ ಚಕ್ರ. ಹಿಂದ ಭಾರ ಆದ್ರ…”

“ನೊಗ ಮ್ಯಾಲ ಏಳ್ತದ,” ಎಂದಳು ಆಯಿ. “ಎತ್ತು ಬಿಚ್ಚಿದ ಬಂಡಿ ಇದ್ದಂಗ. ಇಷ್ಟ ಅದ, ಮತ್ತ ಟೆಕ್ನಿಕಲ್ ಅಂದೆಲ್ಲ?”

ಸ್ನೇಹಲ್‌ಗೆ ನಗು ಬಂತು, ನಾಚಿಕೆಯೂ ಆಯಿತು. “ಹ್ಞೂಂ. ಬಂಡಿನ ಅದ. ನೀ ತಿರುಗಿಸು,” ಎಂದು ಹ್ಯಾಂಡಲನ್ನು ಆಯಿಯ ಕೈಗೆ ಕೊಟ್ಟಳು.

ಹತ್ತು ಗಂಟೆಗೆ ಆಯಿ ಸೆರಗು ಸಿಕ್ಕಿಸಿಕೊಂಡು ನಿಂತಳು. ಒಳ್ಳೆ ನೀರು, ಹೊಲಸು ನೀರು, ಬ್ಯಾಟರಿ, ಜಾಕ್ ಎಲ್ಲ ತೋರಿಸಿದಳು. ಟ್ಯಾಂಕಿನಲ್ಲಿ ಅರ್ಧ ನೀರು ಮಾತ್ರ ಉಳಿದದ್ದಕ್ಕೆ ಅವಳಿಗೆ ಇನ್ನೂ ಸಮಾಧಾನವಿರಲಿಲ್ಲ. ನಲ್ಲಿ ತಿರುಗಿಸಿದಾಗ ಕಪಾಟು ಗುರ್ರ್ ಎಂದಿತು. ದಯಾನಂದ ಅಂಕಲ್ ಒಂದು ಹೆಜ್ಜೆ ಹಿಂದೆ ಸರಿದರು.

“ಹೆದರಬ್ಯಾಡ್ರಿ,” ಎಂದಳು ಆಯಿ. “ಬೆಕ್ಕಲ್ಲ ಅದು. ಪಂಪ್.”

ಟ್ರೇಲರ್ ಕಾಂಪೌಂಡಿನಲ್ಲಿ ಉಳಿಯಿತು. ಆ ಸಂಜೆ ಪಪ್ಪ ಅದರ ಬಾಗಿಲಿನ ಒಳಗೆ ಹ್ಯಾಂಡಲ್ ತೂಗುಹಾಕಲು ಒಂದು ಕೊಂಡಿ ಕೂರಿಸಿದ. ಎಷ್ಟು ಎತ್ತರಕ್ಕೆ ಎಂದು ಅವನು ಕೇಳಿದಾಗ ಸ್ನೇಹಲ್ ಆಯಿಯನ್ನು ಕರೆದು ಬಾಗಿಲಿಗೆ ತಾಗಿಸಿ ನಿಲ್ಲಿಸಿದಳು. ಆಯಿಯ ಭುಜ ಬರುವ ಕಡೆ ಪೆನ್ಸಿಲಿನಿಂದ ಗುರುತು ಮಾಡಿದಳು.

ಭಾನುವಾರ ಮಧ್ಯಾಹ್ನ ಅವರು ಸಮುದ್ರದ ದಂಡೆ ಮುಟ್ಟಿದರು. ಜಾಕ್ ಇಳಿಸಿದವಳು ಆಯಿ. ಎರಡೂ ನೆಲಕ್ಕೆ ಹತ್ತುವವರೆಗೆ ಅವಳು ಯಾರನ್ನೂ ಒಳಗೆ ಬಿಡಲಿಲ್ಲ.