ಒಬ್ನೇ ಓದ್ತೀನಿ ಅಂದವನು

ಎರಡು ಗಂಟೆ ಆಗುವುದೇ ತಡ, ಪುಟ್ಟರಾಜು ಎದ್ದುಬಿಡುತ್ತಿದ್ದ. ಮೇಜಿನ ಮೇಲಿದ್ದ ನೋಟ್‌ಬುಕ್ಕುಗಳಲ್ಲಿ ಒಂದನ್ನು ಎತ್ತಿಕೊಂಡು, ಕೋಮಲಳ ಕಡೆ ಅರೆಗಳಿಗೆ ನೋಡಿ, "ಒಬ್ನೇ ಓದ್ತೀನಿ ಕಣ್ರೀ, ನಾಳೆ ಬತ್ತೀನಿ" ಅನ್ನುತ್ತಿದ್ದ.

ಆ ನೋಟ ಇದೆಯಲ್ಲ, ಕೋಮಲಳ ಅನುಮಾನವೆಲ್ಲ ಅದರ ಮೇಲೆಯೇ. ಹೋಗುವವನು ಸುಮ್ಮನೆ ಹೋಗಬಾರದೇ? ನನ್ನನ್ನು ನೋಡಿಯೇ ಯಾಕೆ ಹೋಗಬೇಕು? ಅನುಮಾನವಂತೂ ಅವಳಿಗೆ ಹುಟ್ಟಿನಿಂದಲೇ ಬಂದದ್ದು. ಹೋಟೆಲಿನಲ್ಲಿ ಕಾಫಿ ತಂದಿಟ್ಟರೂ ಮೊದಲು ಮೂಸಿ ನೋಡುವ ಹುಡುಗಿ ಅವಳು.

ನಾಲ್ಕು ಜನರ ಗುಂಪು ಅದು. ಕೊಳ್ಳೇಗಾಲದ ಲೈಬ್ರರಿ ಮಹಡಿಯಲ್ಲಿ ಆರು ತಿಂಗಳಿಂದ ಎಫ್‌ಡಿಎ ಪರೀಕ್ಷೆಗೆ ಒಟ್ಟಿಗೆ ಓದುತ್ತಿದ್ದರು. ಯಳಂದೂರಿನಿಂದ ಬಸ್ಸಿನಲ್ಲಿ ಬರುವ ಮಹದೇವಿ, ಊರಿನವನೇ ಆದ ಶಿವಕುಮಾರಸ್ವಾಮಿ, ಒಡೆಯರಪಾಳ್ಯದ ಆಚೆ ಕಾಡಂಚಿನ ಪೋಡು ಅನ್ನುವ ಸಣ್ಣ ಹಾಡಿಯಿಂದ ಬಂದು ಅಕ್ಕನ ಬಾಡಿಗೆ ಕೋಣೆಯಲ್ಲಿದ್ದ ಪುಟ್ಟರಾಜು, ಮತ್ತೆ ಕಾಮಗೆರೆಯ ರೇಷ್ಮೆ ಬೆಳೆಗಾರ ಪುಟ್ಟಮಲ್ಲಪ್ಪನ ಮಗಳು ಕೋಮಲ. ಒಬ್ಬೊಬ್ಬರಿಗೆ ಒಂದೊಂದು ಸಬ್ಜೆಕ್ಟು. ಬರೆದದ್ದನ್ನು ಶನಿವಾರ ಎಲ್ಲರ ಮುಂದೆ ಇಡಬೇಕು, ಬಚ್ಚಿಟ್ಟುಕೊಂಡವರು ಗುಂಪಿನಿಂದ ಆಚೆ. ಈ ರೂಲು ಮಾಡಿದವಳೂ ಕೋಮಲಳೇ.

ಪುಟ್ಟರಾಜು ಗುಂಪಿನಲ್ಲಿ ಬಾಯಿ ಬಿಡುತ್ತಿರಲಿಲ್ಲ. ಮೊದಲ ವಾರ ಒಮ್ಮೆ ಜೋರಾಗಿ ಓದಿದ್ದ. ಅವನ ಮಾತಿನ ರಾಗಕ್ಕೆ ಶಿವಕುಮಾರಸ್ವಾಮಿ ನಕ್ಕಿದ್ದ, ಮಹದೇವಿ ನಕ್ಕಿದ್ದಳು, ಕೋಮಲಳೂ ನಕ್ಕಿದ್ದಳು. ಆಮೇಲೆ ಅವನು ಗಲ್ಲಕ್ಕೆ ಕೈಕೊಟ್ಟು ಕೇಳುತ್ತಾ ಕೂರುತ್ತಿದ್ದ, ಅಷ್ಟೇ. ಆದರೆ ಭಾನುವಾರದ ಟೆಸ್ಟಿನಲ್ಲಿ ಪ್ರತಿಸಲವೂ ಅವನದೇ ಹೆಚ್ಚು ಮಾರ್ಕು.

ಕೋಮಲಳಿಗೆ ಇದು ಜೀರ್ಣವಾಗಲಿಲ್ಲ. ಬೆಳಿಗ್ಗೆಯೆಲ್ಲ ಬಾಯಿಗೆ ಬೀಗ ಹಾಕಿಕೊಂಡವನು ಮಧ್ಯಾಹ್ನ ಒಬ್ಬನೇ ಕೂತು ಇಷ್ಟು ಹೇಗೆ ಕಲಿಯುತ್ತಾನೆ? ಎಲ್ಲೋ ಗುಟ್ಟಾಗಿ ಕೋಚಿಂಗಿಗೆ ಹೋಗುತ್ತಿರಬೇಕು. ಇಲ್ಲದಿದ್ದರೆ ನಮ್ಮ ನೋಟ್ಸನ್ನು ಜೆರಾಕ್ಸ್ ಮಾಡಿ ಇನ್ನೊಂದು ಗುಂಪಿಗೆ ಕೊಟ್ಟು, ಅವರದ್ದನ್ನು ಇವನು ಓದುತ್ತಿರಬೇಕು.

ಒಂದು ಗುರುವಾರ ಅವನು ವಾಪಸು ಕೊಟ್ಟ ಅವಳ ಪಂಚಾಯತ್ ರಾಜ್ ನೋಟ್‌ಬುಕ್ಕು ಬಿಚ್ಚಿದರೆ, ಹಾಳೆಯ ಮೂಲೆಗಳು ನೆನೆದು ಸುಕ್ಕಾಗಿದ್ದವು. ನಡುವೆ ಕೂದಲಿಗಿಂತ ಸಣ್ಣ, ಹೊಳೆಯುವ ಒಂದು ರೇಷ್ಮೆ ಎಳೆ ಅಂಟಿತ್ತು. ಕೋಮಲ ಅದನ್ನು ಬೆಳಕಿಗೆ ಹಿಡಿದಳು. ಯಾರವಳು ರೇಷ್ಮೆ ಸೀರೆಯವಳು? ನನ್ನ ನೋಟ್‌ಬುಕ್ಕಿನ ಮೇಲೆ ಬಗ್ಗಿ ಓದುವಷ್ಟು ಹತ್ತಿರ ಕೂರುವವಳು?

ಅಪ್ಪ ವರ್ಷಕ್ಕೆ ಆರು ಬೆಳೆ ಗೂಡು ತೆಗೆಯುವವನು, ಮಗಳು ಹುಳುವಿಗೆ ಸೊಪ್ಪು ಹಾಕಿಯೇ ಬೆಳೆದವಳು. ಆದರೆ ಗೂಡು ಚೀಲಕ್ಕೆ ತುಂಬಿ ಮಾರ್ಕೆಟ್ಟಿಗೆ ಹೋದ ಮೇಲೆ ಏನಾಗುತ್ತದೆ ಅಂತ ಒಂದು ದಿನವೂ ನೋಡಿದವಳಲ್ಲ. ರೇಷ್ಮೆ ಅಂದರೆ ಅವಳಿಗೆ ಒಂದೋ ಗೂಡು, ಇಲ್ಲವೇ ಸೀರೆ. ನಡುವಿನದು ಅವಳ ತಲೆಗೆ ಬರಲೇ ಇಲ್ಲ.

ಆ ಎಳೆಯನ್ನು ಬೆರಳಿಗೆ ಸುತ್ತಿ ಕಿತ್ತೆಸೆದಳು. ಈ ಸಂಕಟ ನೋಟ್ಸಿನದಲ್ಲ ಅಂತ ಅವಳಿಗೂ ಗೊತ್ತು. ಆದರೂ ಮಹದೇವಿಯ ಹತ್ತಿರ ಹೋಗಿ, ಪುಟ್ಟರಾಜು ಏನೋ ಬಚ್ಚಿಡುತ್ತಿದ್ದಾನೆ, ಶನಿವಾರ ಎಲ್ಲರ ಮುಂದೆ ಹೇಳಿ ಆಚೆ ಕಳಿಸುತ್ತೇನೆ ಅಂದುಬಿಟ್ಟಳು. ಹೇಳಿದ ಮೇಲೆ ಯೋಚನೆ ಹತ್ತಿತು. ಕಳಿಸಿದರೆ ಅವನು ಊರು ಸೇರಿಕೊಳ್ಳುತ್ತಾನೆ. ಎದುರಿನ ಕುರ್ಚಿ ಖಾಲಿಯಾಗುತ್ತದೆ. ಎರಡು ಗಂಟೆಗೆ ಆ ಅರೆಗಳಿಗೆಯ ನೋಟ ಇರುವುದಿಲ್ಲ.

ಇನ್ನೊಂದು ಮಾತಿದೆ, ಅದನ್ನೂ ಹೇಳಿಬಿಡುತ್ತೇನೆ. ಕೋಮಲಳ ಬ್ಯಾಗಿನ ಒಳಗಿನ ಜಿಪ್ಪಿನಲ್ಲಿ ಹಸಿರು ರಟ್ಟಿನ ಒಂದು ನೋಟ್‌ಬುಕ್ಕಿತ್ತು. ಹೋದ ಸಲ ಪಾಸಾದ ದೊಡ್ಡಪ್ಪನ ಮಗಳು ಕೊಟ್ಟದ್ದು, ಚಿನ್ನದಂಥ ನೋಟ್ಸು. ಕೋಮಲ ಅದನ್ನು ಮನೆಯಲ್ಲಿ ಕದ ಹಾಕಿಕೊಂಡು ಒಬ್ಬಳೇ ಓದುತ್ತಿದ್ದಳು, ಗುಂಪಿಗೆ ಮಾತ್ರ ಬೇರೆ ಸಾಧಾರಣ ನೋಟ್ಸು ಬರೆದು ತರುತ್ತಿದ್ದಳು. ಎಲ್ಲರೂ ಬಚ್ಚಿಡುತ್ತಾರೆ ಅಂತ ಅವಳಿಗೆ ಅನ್ನಿಸುತ್ತಿದ್ದದ್ದೂ ತಾನು ಬಚ್ಚಿಟ್ಟಿದ್ದರಿಂದಲೇ.

ಶುಕ್ರವಾರ ಎರಡು ಗಂಟೆಗೆ ಅವನು ಎದ್ದ. ಸ್ವಲ್ಪ ಹೊತ್ತು ಬಿಟ್ಟು ಇವಳೂ ಎದ್ದಳು. ದುಪಟ್ಟಾ ತಲೆಗೆ ಸುತ್ತಿಕೊಂಡು, ಬಿಸಿಲಿನಲ್ಲಿ ಅಂಗಡಿ ಸಾಲಿನ ನೆರಳು ಹಿಡಿದು ಹಿಂದೆಯೇ ನಡೆದಳು. ಅವನು ಒಂದು ಗಲ್ಲಿಗೆ ತಿರುಗಿ ತಗಡಿನ ಶೆಡ್ಡೊಂದಕ್ಕೆ ನುಗ್ಗಿದ. ಒಳಗಿನಿಂದ ಬೆಂದ ಹುಳುವಿನ ಘಾಟು ವಾಸನೆ, ಮೋಟಾರಿನ ಸದ್ದು, ಹೆಂಗಸರ ನಗು.

ಕೋಮಲ ಬಾಗಿಲ ಸಂದಿಯಲ್ಲಿ ಕಣ್ಣಿಟ್ಟಳು. ಆರು ಹೆಂಗಸರು ಬಿಸಿನೀರಿನ ತೊಟ್ಟಿಗಳ ಮುಂದೆ ಕೂತು, ಬೆಂದ ಗೂಡಿನಿಂದ ನೂಲು ಬಿಚ್ಚುತ್ತಿದ್ದರು. ಒದ್ದೆ ಬೆರಳು, ಬೆರಳ ತುದಿಯಲ್ಲಿ ಹೊಳೆಯುವ ಎಳೆ. ನಡುವೆ ಸ್ಟೂಲಿನ ಮೇಲೆ ಪುಟ್ಟರಾಜು ಅವಳದೇ ನೋಟ್‌ಬುಕ್ಕು ಹಿಡಿದು ಗಂಟಲು ಬಿಟ್ಟು ಹೇಳುತ್ತಿದ್ದ. ಗ್ರಾಮಸಭೆಯನ್ನು ಯಾರು ಕರೆಯಬೇಕು, ಎಷ್ಟು ದಿನಕ್ಕೊಮ್ಮೆ ಕರೆಯಬೇಕು. ಅವರಲ್ಲೇ ವಯಸ್ಸಾದ ರಾಮಮ್ಮ ಅನ್ನುವವಳು, ಕರೆಯದೇ ಇದ್ದರೆ ಯಾರನ್ನು ಕೇಳಬೇಕು ಅಂತ ತಡೆದಳು. ಅವನು ತಡವರಿಸಿ, ಪುಟ ತಿರುವಿ, ಸಿಕ್ಕಿದ ಮೇಲೆ ಹೇಳಿದ. ಲೈಬ್ರರಿಯಲ್ಲಿ ಕಾಣದ ಮುಖ ಅದು. ಅಷ್ಟು ಚೆಂದ ನಗುತ್ತಾನೆ ಅಂತ ಇವಳಿಗೆ ಗೊತ್ತೇ ಇರಲಿಲ್ಲ.

ಬಾಗಿಲು ಕಿರ್ ಅಂದಿತು. ಹದಿನಾಲ್ಕು ಕಣ್ಣು ಇವಳ ಕಡೆ ತಿರುಗಿದವು.

"ಯಾರವ್ವ ನೀನು?" ಅಂದವಳು ಅವನ ಅಕ್ಕ ಮಂಗಳ.

ಹೆಸರು ಹೇಳಿದ್ದೇ ತಪ್ಪಾಯಿತು. ರಾಮಮ್ಮ ಕೈಯೊರೆಸಿಕೊಂಡು ಇವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಓ, ಇವ್ಳೇಯಾ ಕೋಮಲ? ನಮ್ಗೆ ಪಂಚಾಯ್ತಿ ವಿಚಾರಕ್ಕಿಂತ ನಿಂದೇ ಜಾಸ್ತಿ ಏಳವ್ನೆ ಕಣವ್ವ."

ಆರೂ ಜನ ನಕ್ಕರು. ಪುಟ್ಟರಾಜು ನೋಟ್‌ಬುಕ್ಕು ಕಂಕುಳಿಗೆ ಸೇರಿಸಿ, ತಲೆ ತಗ್ಗಿಸಿ ಆಚೆ ಬಂದ. ಕೋಮಲಳ ಕಿವಿ ಕೆಂಪಾಗಿತ್ತು. ಆದರೂ ಬಿಡುವ ಹುಡುಗಿಯೇ? ಒಬ್ಬನೇ ಓದುತ್ತೇನೆ ಅಂತ ಸುಳ್ಳು ಯಾಕೆ ಹೇಳಿದಿರಿ ಅಂತ ಗಲ್ಲಿಯಲ್ಲೇ ನಿಲ್ಲಿಸಿ ಕೇಳಿದಳು.

ಕಣ್ಣಲ್ಲಿ ಓದಿದ್ದು ತನ್ನ ತಲೆಯಲ್ಲಿ ನಿಲ್ಲುವುದಿಲ್ಲ ಅಂದ. ಬಾಯಿಬಿಟ್ಟು ಯಾರಿಗಾದರೂ ಹೇಳಬೇಕು, ಅವರು ನಡುವೆ ಅಡ್ಡಹಾಕಿ ಕೇಳಬೇಕು, ಆಗ ನಿಲ್ಲುತ್ತದೆ. "ಅಲ್ಲಿ ಬಾಯ್ಬಿಟ್ರೆ ನೀವೆಲ್ಲ ನಗ್ತೀರಿ. ಇಲ್ಲಿ ಇವ್ರೂ ನಗ್ತಾರೆ, ಆದ್ರೆ ಆಮೇಲೆ ಕೇಳ್ತಾರೆ."

ಕೋಮಲಳಿಗೆ ಮೊದಲ ವಾರದ ತನ್ನ ನಗು ನೆನಪಾಗಿ ನಾಚಿಕೆಯಾಯಿತು. ಅಷ್ಟು ಹೊತ್ತೂ ಹೆಗಲಿಗೆ ಒತ್ತುತ್ತಿದ್ದ ಬ್ಯಾಗಿನ ಜಿಪ್ಪು ಎಳೆದಳು. ಹಸಿರು ರಟ್ಟಿನ ನೋಟ್‌ಬುಕ್ಕು ತೆಗೆದು ಅವನ ಕೈಗಿಟ್ಟಳು.

"ನಾಳೆ ನಿಮ್ಮನ್ನ ಆಚೆಗಾಕ್ಬೇಕು ಅಂದ್ಕಂಡಿದ್ದೆ. ಬಚ್ಚಿಟ್ಟಿರೋಳು ನಾನು."

ಅವನು ಅದನ್ನು ಬಿಚ್ಚಲೂ ಇಲ್ಲ, ಬೆಚ್ಚಲೂ ಇಲ್ಲ. "ಗೊತ್ತು" ಅಂದ. ಟೆಸ್ಟಿನಲ್ಲಿ ನಮ್ಮ ಯಾರ ನೋಟ್ಸಿನಲ್ಲೂ ಇಲ್ಲದ ಪ್ರಶ್ನೆಗಳಿಗೆ ನೀವೊಬ್ಬರೇ ಸರಿಯುತ್ತರ ಬರೆಯುತ್ತೀರಿ, ಮೂರು ತಿಂಗಳಿಂದ ನೋಡುತ್ತಿದ್ದೇನೆ ಅಂದ.

"ಮತ್ತೆ ಯಾಕ್ ಏಳ್ಲಿಲ್ಲ?"

ಪುಟ್ಟರಾಜು ಆ ಅರೆಗಳಿಗೆಯ ನೋಟ ನೋಡಿದ. ಈ ಸಲ ಅರೆಗಳಿಗೆಗೆ ಮುಗಿಯಲಿಲ್ಲ. "ಏಳಿದ್ರೆ ರೂಲು ಪ್ರಕಾರ ನೀವು ಓಗ್ಬೇಕಿತ್ತು. ನೀವಿಲ್ದಿರೋ ಗುಂಪ್ನಲ್ಲಿ ನಂಗೇನ್ ಕೆಲ್ಸ?"

ಅವಳು ಅವನ ಮುಖವನ್ನೇ ಹುಡುಕಿದಳು. ಸುಳ್ಳಿನ ಒಂದು ಎಳೆಯೂ ಸಿಗಲಿಲ್ಲ. ಕಣ್ಣು ತುಂಬಿ ಬಂತು. ನೋಟ್‌ಬುಕ್ಕು ವಾಪಸು ಇಸಿದುಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದಳು.

ಶನಿವಾರ ಬೆಳಿಗ್ಗೆ ಹಸಿರು ರಟ್ಟಿನ ನೋಟ್‌ಬುಕ್ಕನ್ನು ಮೇಜಿನ ನಡುವೆ ಇಟ್ಟು, ಎಲ್ಲವನ್ನೂ ಹೇಳಿದಳು. ಪುಟ್ಟರಾಜು ಬೇಡ ಅನ್ನುವ ಹಾಗೆ ತಲೆಯಾಡಿಸಿದರೂ ನಿಲ್ಲಿಸಲಿಲ್ಲ. ಮಹದೇವಿ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಶಿವಕುಮಾರಸ್ವಾಮಿ, ರೂಲು ರೂಲೇ ಅಲ್ಲವೇ ಅಂದ. ಹೌದು, ರೂಲೇ. ಪರೀಕ್ಷೆಗೆ ಇನ್ನು ಮೂರೇ ವಾರ. ನೋಟ್‌ಬುಕ್ಕು ನಿಮಗೇ ಇರಲಿ ಅಂತ ಹೇಳಿ, ಕೋಮಲ ಖಾಲಿ ಬ್ಯಾಗು ಹೆಗಲಿಗೇರಿಸಿ ಮಹಡಿ ಇಳಿದಳು.

ಗೇಟು ದಾಟುವಾಗ ಹಿಂದಿನಿಂದ ಚಪ್ಪಲಿ ಸದ್ದು ಕೇಳಿತು. ತಿರುಗಲಿಲ್ಲ. ಕರುಣೆಗೆ ಬಂದವನೋ, ಕರೆದುಕೊಂಡು ಹೋಗಲು ಬಂದವನೋ ಅಂತ ಅನುಮಾನ.

"ನೀವ್ಯಾಕ್ ಬಂದ್ರಿ? ಇನ್ನೂ ಎರಡು ಗಂಟೆ ಆಗಿಲ್ವಲ್ಲ."

ಪುಟ್ಟರಾಜು ಪಕ್ಕಕ್ಕೆ ಬಂದು ಹೆಜ್ಜೆಗೆ ಹೆಜ್ಜೆ ಸೇರಿಸಿದ. ರಾಮಮ್ಮ ಇನ್ನೊಂದು ಸ್ಟೂಲು ತೊಳೆದಿಟ್ಟಿದ್ದಾಳೆ ಅಂದ. ಆಮೇಲೆ ರಸ್ತೆ ನೋಡಿಕೊಂಡೇ, ಬಹಳ ಮೆಲ್ಲಗೆ ಹೇಳಿದ.

"ಒಬ್ನೇ ಓದಕ್ಕಾಗಲ್ಲ ಕಣೇ ನಂಗೆ."