ಬೆಳ್ಳಿಟೊಪ್ಪಿಯವರು ಹೊರಟ ಮೇಲೆ

ಬಹಳ ಬಹಳ ಹಿಂದೆ, ಏಳು ಬೆಟ್ಟ ದಾಟಿದರೆ ಸಿಗುವ ಕಡೆಯಲ್ಲಿ, ಜೋಡಿಪೇಟೆ ಎಂಬ ರಾಜ್ಯವಿತ್ತು. ನಡುವೆ ಒಂದು ದೊಡ್ಡ ಕೆರೆ, ಅದರ ಒಂದು ದಡದಲ್ಲಿ ಮೂಡಣ ಪೇಟೆ, ಇನ್ನೊಂದು ದಡದಲ್ಲಿ ಪಡುವಣ ಪೇಟೆ. ಎರಡು ಪೇಟೆಯವರೂ ಒಂದೇ ದೇವರಿಗೆ ಕೈಮುಗಿಯುತ್ತಿದ್ದರು, ಒಂದೇ ರುಚಿಯ ಸಾರು ಉಣ್ಣುತ್ತಿದ್ದರು. ಹಾಗಿದ್ದೂ ಒಂಬತ್ತು ವರ್ಷ ಬಡಿದಾಡಿದರು. ಯಾಕೆ ಶುರುವಾಯಿತು ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನನಗಂತೂ ಯಾವುದರ ಮೇಲೂ ನಂಬಿಕೆ ಬಂದಿಲ್ಲ.

ಕೊನೆಗೆ ಕಡಲಾಚೆಯಿಂದ ಬೆಳ್ಳಿಟೊಪ್ಪಿಯ ಸೈನಿಕರು ಬಂದು ಕೆರೆ ಏರಿಯ ಮೇಲೆ ಸಾಲಾಗಿ ನಿಂತರು. "ಯಾರೂ ದಾಟಬೇಡಿ" ಎಂದರು. ಪಡುವಣ ಪೇಟೆಯ ಸೊಸೆ ಬೊಮ್ಮಕ್ಕ ಆಗಷ್ಟೇ ಮೂಡಣ ಪೇಟೆಯ ತವರಿಗೆ ಬಂದಿದ್ದಳು, ಎರಡು ದಿನ ಇದ್ದು ಹೋಗೋಣ ಎಂದು. ಗಂಡ ಕೆಂಚಪ್ಪ ಆಚೆ ಉಳಿದ, ಇವಳು ಈಚೆ ಉಳಿದಳು. ಎರಡು ದಿನ ಹೋಗಿ ಹನ್ನೆರಡು ವರ್ಷವಾಯಿತು.

ಒಂದು ಬೆಳಿಗ್ಗೆ ಕಡಲಾಚೆಯ ಅರಸ ತನ್ನ ಸೈನಿಕರನ್ನು ವಾಪಸು ಕರೆಸಿಕೊಂಡ. ಭಾರವಾದ ಉಕ್ಕಿನ ಕವಚ, ಕತ್ತಿಗಳನ್ನು ಪಾಳೆಯದಲ್ಲೇ ರಾಶಿ ಹಾಕಿ ಅವರು ಹಡಗು ಹತ್ತಿದರು. ಜನಕ್ಕೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಗುಡ್ಡದ ಮೇಲೆ ಹನ್ನೆರಡು ವರ್ಷದಿಂದ ರಕ್ತಕ್ಕೆ ಹಸಿದು ಕೂತಿದ್ದ ಮಾಂತ್ರಿಕ ಉರಿಜಡೆಗೆ ಮಾತ್ರ ತಿಳಿಯಿತು. ನಗುತ್ತ ಇಳಿದು ಬಂದು ರಾಣಿ ದೇವಾಜಿಯ ಮುಂದೆ ನಿಂತ.

"ರಾಣೀ, ಕಾವಲು ಹೋಯಿತು. ಮೂರನೇ ದಿನದ ಸೂರ್ಯ ಮುಳುಗುವುದರೊಳಗೆ ಈ ಏರಿಯ ಮೇಲೆ ಒಂದು ತೊಟ್ಟು ರಕ್ತ ಬಿದ್ದರೆ ರಾಜ್ಯ ನನ್ನದು. ಬೀಳದಿದ್ದರೆ ನನ್ನ ಮಂತ್ರಶಕ್ತಿ ಹೋಯಿತು. ನನಗೆ ಸಿಕ್ಕಿರುವ ವರವೇ ಅಂಥದ್ದು."

ರಾಣಿ ಎರಡು ಪೇಟೆಯ ದಳವಾಯಿಗಳನ್ನು ಕರೆದು ಕೇಳಿದಳು. ಇಬ್ಬರೂ "ನಮಗೆ ಕತ್ತಿ ಕೊಡಿ" ಎಂದರು. ಅವರ ಬಾಯಿಂದ ಇನ್ನೇನು ಬಂದೀತು! ಆಗ ಬೊಮ್ಮಕ್ಕ ಮುಂದೆ ಬಂದಳು. ಅವಳ ತವರಿನವರು ತಲೆತಲಾಂತರದಿಂದ ಕೆರೆಯ ನೀರು ಹಂಚುವ ನೀರಗಂಟಿಗಳು.

"ಅವ್ವಾ, ತೂಬು ನನ್ನ ಕೈಗೆ ಕೊಡಿ. ಹಳೇ ಪದ್ಧತೀಲಿ ನೀರು ಬಿಡ್ತೀನಿ," ಎಂದಳು.

ಆ ಪದ್ಧತಿ ಹೀಗಿತ್ತು. ತಳದಲ್ಲಿ ಸಣ್ಣ ತೂತಿರುವ ತಾಮ್ರದ ಬಟ್ಟಲನ್ನು ನೀರಿನ ಹಂಡೆಯಲ್ಲಿ ತೇಲಿಬಿಡಬೇಕು. ದಿನಕ್ಕೊಂದು ಪೇಟೆಯ ಸರದಿ, ಬಟ್ಟಲು ಹತ್ತು ಸಲ ಮುಳುಗುವವರೆಗೆ ಅವರಿಗೆ ನೀರು. ಆದರೆ ಪಡುವಣದ ಸರದಿಗೆ ಬಟ್ಟಲು ಕಾಯುವವನು ಮೂಡಣದವನಾಗಬೇಕು, ಮೂಡಣದ ಸರದಿಗೆ ಪಡುವಣದವನು. ಕಾಯುವವನು ಬಟ್ಟಲಿನಿಂದ ಕಣ್ಣು ತೆಗೆಯುವಂತಿಲ್ಲ. ಬೆಳ್ಳಿಟೊಪ್ಪಿಯವರು ಇದನ್ನೆಲ್ಲ ಬಿಡಿಸಿ, ಕಹಳೆ ಊದಿ ತಾವೇ ತೂಬು ತೆಗೆಯುತ್ತಿದ್ದರು.

ರಾಣಿ ಒಪ್ಪಿದಳು. ಮೂರು ದಿನ ತೂಬಿನ ಕೆಲಸದವರನ್ನು ಬಿಟ್ಟು ಬೇರೆ ಯಾರೂ ಏರಿ ದಾಟಬಾರದು ಎಂದು ಡಂಗುರ ಸಾರಿಸಿದಳು. ಬಟ್ಟಲು ಕಾಯಲು ಮೂಡಣದಿಂದ ಯಜಮಾನ ತಿಪ್ಪಜ್ಜ ಬಂದ. ಪಡುವಣದಿಂದ ಬಂದವನು ಕೆಂಚಪ್ಪ. ಅವನ ತಲೆ ಅರ್ಧ ನರೆತಿತ್ತು. ಬೊಮ್ಮಕ್ಕ ಅವನ ಕಡೆ ಎರಡು ಹೆಜ್ಜೆ ಇಟ್ಟಳು. ಆದರೆ ಊರಿನ ಕಣ್ಣೆಲ್ಲ ಅವರ ಮೇಲೆ.

"ಹಂಡೆ ತುಂಬೈತಾ?" ಎಂದ ಅವನು.

"ತುಂಬೈತೆ," ಎಂದಳು ಇವಳು. ಅಷ್ಟೇ.

ಮೊದಲ ದಿನ ಪಡುವಣದ ಸರದಿ. ಉರಿಜಡೆ ಮಂತ್ರದಿಂದ ಒಂದು ಗೊರವಂಕ ಮಾಡಿ ಹಾರಿಬಿಟ್ಟ. ಅದು ಪಡುವಣ ಪೇಟೆಯ ಸೂರಿನ ಮೇಲೆ ಕೂತು ತಿಪ್ಪಜ್ಜನ ದನಿಯಲ್ಲಿ, "ಬನ್ರೋ, ಇವರ ಬಣವೆಗೆ ಬೆಂಕಿ ಇಡೋಣ!" ಎಂದು ಕೂಗಿತು. ಜನ ಕುಡುಗೋಲು ಹಿಡಿದು ಏರಿಗೆ ನುಗ್ಗಿದರು. ನೋಡಿದರೆ ತಿಪ್ಪಜ್ಜ ಬಟ್ಟಲ ಮುಂದೆಯೇ ಕೂತಿದ್ದಾನೆ, ಬೆಳಗಿನಿಂದ ಕತ್ತು ಎತ್ತಿಲ್ಲ.

"ಗಲಾಟೆ ಮಾಡಬೇಡ್ರೋ, ಇದು ಏಳನೇದು. ಲೆಕ್ಕ ತಪ್ಪಿದ್ರೆ ನಿಮಗೇ ನೀರು ಕಮ್ಮಿ," ಎಂದು ಅಜ್ಜ ಗದರಿದ.

ಜನ ಪೆಚ್ಚಾಗಿ ಹಿಂದಿರುಗಿದರು. ಗೊರವಂಕ ಬೂದಿಯಾಗಿ ಉದುರಿತು.

ಎರಡನೇ ದಿನ ಮೂಡಣದ ಸರದಿ, ಕೆಂಚಪ್ಪನ ಕಾವಲು. ಉರಿಜಡೆ ದೊಡ್ಡದೊಂದು ಮಣ್ಣಿನ ಕೋಣ ಮಾಡಿ ಕೆರೆಗಿಳಿಸಿದ. ಅದು ನೀರಿನಡಿ ಅಡಗಿ ಅರ್ಧ ಕೆರೆ ಕುಡಿಯಿತು. "ಪಡುವಣದೋರು ಕದ್ದರು!" ಎಂದು ಮೂಡಣದವರು ಕೂಗಾಡಿದರು.

"ಕದ್ದಿದ್ರೆ ನಮ್ಮ ಕಾಲುವೆ ಒದ್ದೆ ಇರಬೇಕಲ್ಲ, ಇಲ್ಲಿಂದಲೇ ಕಾಣ್ತದೆ, ನೋಡ್ರಪ್ಪ," ಎಂದ ಕೆಂಚಪ್ಪ, ಬಟ್ಟಲಿನಿಂದ ಕಣ್ಣು ತೆಗೆಯದೆ.

ಕಾಲುವೆ ಒಣಗಿತ್ತು. ಕೆರೆ ಕಡೆ ತಿರುಗಿದರೆ ಇಳಿದ ನೀರಿನಲ್ಲಿ ಎರಡು ಕೊಂಬು ಕಂಡವು. ಎರಡೂ ಪೇಟೆಯವರು ತಮ್ಮ ತಮ್ಮ ದಡದಲ್ಲೇ ನಿಂತು ಒಂದೊಂದು ಕೊಂಬಿಗೆ ಹಗ್ಗ ಎಸೆದು ಎಳೆದರು. ವಿರುದ್ಧ ದಿಕ್ಕಿಗೆ ಎಳೆಯುವುದರಲ್ಲಿ ಅವರಿಗೆ ಒಂಬತ್ತು ವರ್ಷದ ಅಭ್ಯಾಸವಿತ್ತಲ್ಲ! ಕೋಣ ಎರಡು ಹೋಳಾಗಿ, ಕುಡಿದ ನೀರನ್ನೆಲ್ಲ ಕೆರೆಗೇ ಕಕ್ಕಿತು.

ಮೂರನೇ ದಿನದ್ದು ಕಷ್ಟವಾಯಿತು. ಯಾಕೆಂದರೆ ಜನ ಒಂದು ತಪ್ಪು ಮಾಡಿದ್ದರು. ಪಾಳೆಯದಲ್ಲಿ ಬಿದ್ದಿದ್ದ ಕವಚ, ಕತ್ತಿಗಳನ್ನು ಒಬ್ಬರಿಗೊಬ್ಬರು ಗೊತ್ತಾಗದ ಹಾಗೆ ಹೊತ್ತು ತಂದು, ಬೆದರುಬೊಂಬೆಯಂತೆ ಬಾಗಿಲಲ್ಲಿ ನಿಲ್ಲಿಸಿಕೊಂಡಿದ್ದರು. ಎದುರು ಪೇಟೆಯವರು ಹೆದರಲಿ ಎಂದು. ಉರಿಜಡೆ ಒಮ್ಮೆ ಉಫ್ ಎಂದು ಊದಿದ. ಕವಚಗಳೆಲ್ಲ ನಡೆದು ಬಂದು, ಏರಿಯ ಮೇಲೆ ಸಾಲಾಗಿ ನಿಂತು ಕತ್ತಿ ಹಿರಿದವು.

"ಎಲ್ಲರೂ ಮನೆಗೆ ಹೋಗಿ. ಇನ್ನು ನಾವು ಕಾಯುತ್ತೇವೆ. ಯಾರೂ ದಾಟಬೇಡಿ," ಎಂದವು.

ನಿಜ ಹೇಳಬೇಕೆಂದರೆ ಜನಕ್ಕೆ ಹಾಯೆನಿಸಿತು. "ಸದ್ಯ, ಬಂದರಲ್ಲ!" ಎಂದರು ಕೆಲವರು. ಬಟ್ಟಲು ಕಾಯುತ್ತಿದ್ದ ತಿಪ್ಪಜ್ಜ ಕೂಡ ಎದ್ದು ಹೊರಟ.

ಬೊಮ್ಮಕ್ಕನಿಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಮತ್ತೆ ಹನ್ನೆರಡು ವರ್ಷವೇ? ಕವಚಗಳ ಎದುರಿಗೇ ಹೋಗಿ ನಿಂತಳು.

"ಕಾಯ್ತೀವಿ ಅಂತೀರಲ್ಲ, ಇವತ್ತು ನೀರಿನ ಸರದಿ ಯಾರದು ಹೇಳಿ?"

ಕವಚಗಳಿಗೆ ಗೊತ್ತಿರಲಿಲ್ಲ. ಉತ್ತರ ಹೇಳುವ ಬದಲು ಒಂದು ಕವಚ ಅವಳ ತಲೆಯ ಮೇಲೆ ಕತ್ತಿ ಎತ್ತಿತು. ಗುಡ್ಡದ ಮೇಲೆ ಉರಿಜಡೆ ನಾಲಿಗೆ ಸವರಿಕೊಂಡ.

"ಬೊಮ್ಮೀ!" ಎಂದು ಪಡುವಣದವರ ನಡುವಿನಿಂದ ಕೆಂಚಪ್ಪ ಕಿರುಚಿದ. "ಅದು ನಾನು ತಂದಿದ್ದು ಕಣೇ! ನಿಮ್ಮ ಪೇಟೆಯೋರಿಗೆ ಹೆದರಿ ಬಾಗಿಲಲ್ಲಿ ನಿಲ್ಲಿಸ್ಕೊಂಡಿದ್ದೆ. ನಿನ್ನ ಅಣ್ಣತಮ್ಮಂದಿರಿಗೇ ಹೆದರಿದ್ದೆ. ತಪ್ಪಾಯ್ತು!"

ತಂದವನು ಹೆದರಿಕೆ ಒಪ್ಪಿಕೊಂಡಿದ್ದೇ ತಡ, ಕತ್ತಿ ಹಿಡಿದ ಕವಚ ಕಳಚಿಕೊಂಡು ದಬದಬ ಬಿತ್ತು.

"ನಂದೂ ಐತೆ ಕಣ್ರಪ್ಪ," ಎಂದ ತಿಪ್ಪಜ್ಜ, ಪಡುವಣದವರ ಕಡೆ ತಿರುಗಿ ತಲೆ ಕೆರೆದುಕೊಳ್ಳುತ್ತ. "ಒಂದಲ್ಲ, ಮೂರು. ನಿಮ್ಮ ಭಯಕ್ಕೆ ನಿದ್ದೇನೇ ಬರ್ತಿರಲಿಲ್ಲ." ಮೂರೂ ಬಿದ್ದವು.

ಜನಕ್ಕೆ ನಗು ಬಂತು. ಆಮೇಲೆ ಒಬ್ಬೊಬ್ಬರಾಗಿ ಎದುರು ಪೇಟೆಯವರ ಮುಖ ನೋಡಿ ತಮ್ಮ ತಮ್ಮ ಹೆದರಿಕೆ ಹೇಳಿಕೊಂಡರು. ಕೊನೆಯ ಕವಚ ಬಿದ್ದಾಗ ಸೂರ್ಯ ಮುಳುಗಿದ. ಏರಿಯ ಮೇಲೆ ಒಂದು ತೊಟ್ಟು ರಕ್ತವೂ ಬಿದ್ದಿರಲಿಲ್ಲ. ಉರಿಜಡೆಯ ಜಡೆ ಉದುರಿ, ಅವನು ಬೋಳುತಲೆಯ ಸಾಮಾನ್ಯ ಮುದುಕನಾಗಿ ದಾರಿ ಕೇಳಿಕೊಂಡು ದೇಶಾಂತರ ಹೋದ.

"ಈ ಮೂರು ದಿನ ಕಳೆಯಿತು. ಮುಂದೆ ಹೇಗೆ ಬೊಮ್ಮಕ್ಕಾ, ಇದು ನಿಲ್ಲುತ್ತದೆಯೇ?" ಎಂದು ರಾಣಿ ಕೇಳಿದಳು.

"ನಾಳೆ ಮೂಡಣದ ಸರದಿ ಅವ್ವಾ. ಪಡುವಣದೋರು ಬಂದು ಕೂರಬೇಕು. ನನಗೆ ಅಷ್ಟು ಗೊತ್ತು," ಎಂದಳು ಬೊಮ್ಮಕ್ಕ.

ಅವರು ಬಂದು ಕೂತರು. ಮಾರನೆಯ ದಿನ ಇವರು ಹೋಗಿ ಕೂತರು. ಜಗಳವೇ ಆಗಲಿಲ್ಲ ಎಂದರೆ ನಾನು ಸುಳ್ಳು ಹೇಳಿದ ಹಾಗೆ. ಜಗಳವಾಡುತ್ತ, ಬೈದಾಡುತ್ತ, ಬೆಳೆ ತೆಗೆದು ಉಂಡು ಎಲ್ಲರೂ ಸುಖವಾಗಿದ್ದರು.

ಆದರೆ ಆ ಮೂರನೇ ದಿನದ ಸಂಜೆಯದು ಇನ್ನೊಂದು ಮಾತಿದೆ. ತೂಬು ಮುಚ್ಚಿ ಬೊಮ್ಮಕ್ಕ ಮೇಲೆ ಬಂದಾಗ ಕೆಂಚಪ್ಪ ಕಾಯುತ್ತ ನಿಂತಿದ್ದ.

"ಮನೆಗೆ ಹೋಗೋಣವಾ?" ಎಂದ.

"ಯಾವ ಮನೆಗೆ?" ಎಂದು ಅವಳು ಕೇಳಿದಳು.

ಇಬ್ಬರೂ ಮೂಡಣಕ್ಕೆ ಹೋಗಿ ಅವಳ ತಾಯಿ ಬಡಿಸಿದ್ದನ್ನು ಉಂಡು, ಏರಿಯ ಮೇಲೆ ನಡೆದುಕೊಂಡು ಪಡುವಣಕ್ಕೆ ಹೋಗಿ ಮಲಗಿದರು. ದಾರಿಯಲ್ಲಿ ಯಾರೂ ಅವರನ್ನು ತಡೆಯಲಿಲ್ಲ.