ಹದಿನೇಳನೇ ನಂಬರಿನ ಬೋಗಿ ಮರ

ಮರ ಸಣಕಲಾಗುವುದುಂಟೇ? ಮನುಷ್ಯ ಸೊರಗುತ್ತಾನೆ, ದನ ಸೊರಗುತ್ತದೆ. ಮರ? ದೂರನ್ನು ಎರಡನೇ ಸಲ ಓದಿದರೂ ಎಸ್‌ಐ ಗೌರೀಶನಿಗೆ ಬಗೆಹರಿಯಲಿಲ್ಲ.

ದೂರು ಬೈಂದೂರು ಠಾಣೆಗೆ ಬಂದದ್ದು 2025ರ ಜನವರಿ 21ರ ಬೆಳಿಗ್ಗೆ 10.20ಕ್ಕೆ. ಕೊಟ್ಟವಳು ಅರಣ್ಯ ಸಂಶೋಧಕಿ ರಮ್ಯಶ್ರೀ. ಉಪ್ಪುಂದದ ಮೇಲಿನ ಗುಡ್ಡದಲ್ಲಿ ಅರಣ್ಯ ಇಲಾಖೆಯವರು ಇಪ್ಪತ್ತು ವರ್ಷಗಳಿಂದ, ವರ್ಷಕ್ಕೊಮ್ಮೆ, ಬೋಗಿ ಮರಗಳ ಸುತ್ತಳತೆ ತೆಗೆಯುತ್ತಿದ್ದರು. ದೋಣಿಗೆ ಆ ಮರ ಎಷ್ಟು ಬಾಳುತ್ತದೆಂದು ಪರೀಕ್ಷಿಸಲು ಹದಿನೇಳನೇ ನಂಬರಿನದನ್ನು ಕಡಿಯಲು ಅನುಮತಿ ಸಿಕ್ಕಿತ್ತು. ಕೂಲಿಯವರು ಮರಕ್ಕೆ ಹೊಡೆದ ತಗಡಿನ ನಂಬರು ನೋಡಿಯೇ ಕಡಿದಿದ್ದರು. ಅಳತೆ ಪುಸ್ತಕದಲ್ಲಿ ಅದರ ಸುತ್ತಳತೆ 184 ಸೆಂಟಿಮೀಟರ್. ಬಿದ್ದ ಮರ 139.

"ತಗಡು ಅದಲು ಬದಲು ಮಾಡಿದ್ದಾರೆ ಸರ್. ಇಪ್ಪತ್ ವರ್ಷದ ಲೆಕ್ಕ ಹಾಳಾಯ್ತ್," ಎಂದಳು ರಮ್ಯಶ್ರೀ.

ಸರ್ಕಾರಿ ಸ್ವತ್ತಿಗೆ ಹಾನಿ ಎಂದು ಎಫ್‌ಐಆರ್ ಆಯಿತು. ಮಧ್ಯಾಹ್ನ 3.45ಕ್ಕೆ ಪಂಚನಾಮೆ. ನಿಜವಾದ ಹದಿನೇಳನೇ ಮರ, ಮೂವತ್ತೊಂದರ ತಗಡು ತೊಟ್ಟು, ನಿಶ್ಚಿಂತೆಯಾಗಿ ನಿಂತಿತ್ತು.

ಹೆಡ್ ಕಾನ್‌ಸ್ಟೆಬಲ್ ರಾಜೇಂದ್ರ ಬಿದ್ದ ಮರದ ತಗಡನ್ನು ಅಲ್ಲಾಡಿಸಿದ. "ಮೊಳೆ ಎರಡ್ ಬೆರಳ್ ಹೊರಗೇ ಇತ್ತ್ ಸರ್. ಕಳ್ಳನಿಗೆ ಗಡಿಬಿಡಿ."

"ಗಡಿಬಿಡಿ ಅಲ್ಲ," ರಮ್ಯಶ್ರೀಯ ದನಿ ಇಳಿಯಿತು. "ಮರ ದಪ್ಪ ಆಪುಕೆ ಜಾಗ ಬಿಡುದ್. ನಾನ್ ಪೂರ್ತಿ ಹೊಡೆದ್ರೆ, 'ಅದ್ಕೆ ಉಸ್ರ್ ಕಟ್ಟತ್ತ್ ಅಮ್ಮಾ' ಅಂತ ಬೈತಿದ್ರ್."

"ಯಾರು?"

ಅವಳು ನೆಲ ನೋಡಿದಳು. "ಸೂರಣ್ಣ. ಇಲ್ಲಿನ ಫಾರೆಸ್ಟ್ ವಾಚರ್. ನಂಗೆ ಈ ಕೆಲ್ಸ ಕಲ್ಸಿದವ್ರ್."

ಮರುದಿನ 9.10ಕ್ಕೆ ಸೂರ ತಾನಾಗಿಯೇ ಠಾಣೆಗೆ ಬಂದ.

"ತಗಡು ಬದಲಾಯಿಸಿದ್ದು ನೀವಾ?"

"ಹೌದ್ ಸರ್."

"ಎಂತಕ್ಕೆ?"

ಸೂರ ಹೆಗಲ ಬೈರಾಸು ತೆಗೆದು ಮಡಚತೊಡಗಿದ.

"ಸಾಯುವ ಮರಕ್ಕೂ ಮೊಳೆಯಲ್ಲಿ ಜಾಗ ಬಿಟ್ಟಿದ್ದೀರಲ್ಲ?"

"ಕೈ ಅಭ್ಯಾಸ ಸರ್."

ಅಷ್ಟರಲ್ಲಿ ಬಾಗಿಲಲ್ಲಿ ಮೀನಿನ ಬುಟ್ಟಿ ಇಳಿಯಿತು. ಸೂರನ ಹೆಂಡತಿ ವೇದಾವತಿ.

"ಹ್ವಾಯ್! ಒಂದ್ ಮರಕ್ಕಾಯಿ ಜೈಲಿಗ್ ಹೋಪುದಾ? ವರ್ಷ ವರ್ಷ ಯಾಪಾರ ಬಿಟ್ಟ್ ಗುಡ್ಡಿ ಹತ್ತಿ ನಾನ್ ಟೇಪ್ ಹಿಡ್ದದ್ ಇದ್ಕಾ? ಸಾರ್, ನಾನಿಲ್ದಿದ್ರೆ ಇವ್ರ ಕೈಯಗೆ ಆ ದಪ್ಪ ಮರ ಅಳೆಯೂಕೇ ಆತಿರ್ಲಿಲ್ಲ!"

ಸಿಟ್ಟಿನೊಳಗೂ ಅವಳ ಮುಖದಲ್ಲಿ ಹೆಮ್ಮೆಯಿತ್ತು. ಗೌರೀಶ ಅಳತೆ ಪುಸ್ತಕ ತಿರುವಿದ. ಟೇಪು ಹಿಡಿದವರ ಹೆಸರು ಬರೆಯುವಲ್ಲಿ ಪ್ರತಿ ಮರಕ್ಕೂ ಸೂರ ಒಬ್ಬನೇ. ಹದಿನೇಳಕ್ಕೆ ಮಾತ್ರ, ಇಪ್ಪತ್ತು ವರ್ಷವೂ, ಸೂರ ಮತ್ತು ವೇದಾವತಿ.

ರಾಜೇಂದ್ರ ಅವಳನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿದ ಮೇಲೆ ಗೌರೀಶ ದನಿ ತಗ್ಗಿಸಿದ. "ಗುಡ್ಡದ ಆಚೆ ಬದಿಯ ಇಪ್ಪತ್ತೆರಡನೇ ಮರ ಇನ್ನೂ ದಪ್ಪ. 211. ಅದನ್ನು ಒಬ್ಬರೇ ಹೇಗೆ ಅಳೆದಿರಿ?"

ಸೂರ ಬಾಗಿಲ ಕಡೆ ನೋಡಿದ. "ಗುಂಡ್‌ಸೂಜಿ ಸರ್. ಟೇಪಿನ್ ತುದಿ ತೊಗಟಿಗೆ ಚುಚ್ಚಿ, ಸುತ್ತ್ ಬಂದ್ರ್ ಆಯ್ತ್." ಮುಂದೆ ಬಾಗಿ ಹೇಳಿದ, "ಅವ್ಳಿಗ್ ಗೊತ್ತಾಪುದ್ ಬ್ಯಾಡ. ಗೊತ್ತಾರೆ ಮತ್ತೆ ಗುಡ್ಡಿಗ್ ಬಪ್ಪುದಿಲ್ಲ."

11.35ಕ್ಕೆ ಬಂಧನ ದಾಖಲಾಯಿತು. ಠಾಣೆಯ ಜಾಮೀನಿಗೆ ಸಹಿ ಹಾಕಿದವಳು ರಮ್ಯಶ್ರೀ.

"ದೂರು ಕೊಟ್ಟವ್ರೇ ಜಾಮೀನ್! ನನ್ನ ಸರ್ವೀಸಲ್ಲೇ ಕಾಣ್ಲಿಲ್ಲ," ಎಂದ ರಾಜೇಂದ್ರ.

ಹೇಳಿಕೆಯಲ್ಲಿ ಗೌರೀಶ 'ಮರದ ಮೇಲಿನ ಮಮತೆಯಿಂದ' ಎಂದಷ್ಟೇ ಬರೆದ. ಹೊರಗೆ ವೇದಾವತಿ ಗಂಡನನ್ನು ಬೈಯುತ್ತಲೇ ಬಸ್ಸಿನತ್ತ ನಡೆಸಿಕೊಂಡು ಹೋದಳು. ಹದಿನೇಳನ್ನೂ ತಾನೊಬ್ಬನೇ ಅಳೆಯಬಹುದಿತ್ತೆಂದು ಸೂರ ಅವಳಿಗೆ ಎಂದೂ ಹೇಳಿರಲಿಲ್ಲ.